ಒಡಪು ಹೇಳಿದವಳು ನಾನು, ಕಾರು ಹತ್ತಿದವರು ಅವರು

ಹೆಂಡತಿಯ ಸಿಟ್ಟು ರೊಟ್ಟಿ ಆರುವುದರೊಳಗೆ ಆರಿಬಿಡುತ್ತದೆ ಎಂದು ನನ್ನ ಗಂಡ ನಂಬಿದ್ದಾರೆ. ಈ ಸಿಟ್ಟು ಆರಿಲ್ಲ. ಆರುವ ಮೊದಲು ಬರೆದಿಡಬೇಕೆಂದೇ ಕುಳಿತಿದ್ದೇನೆ.

ನಾವಿರುವುದು ಬೀದರಿನ ಚಿದ್ರಿಯಲ್ಲಿ. ನನ್ನ ತವರು ಭಾಲ್ಕಿ ತಾಲೂಕಿನ ಹಲಬರ್ಗಾ, ಅವರದು ಔರಾದ ಕಡೆಯ ಠಾಣಾ ಕುಶನೂರ. ನಾನು ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುತ್ತೇನೆ, ಅವರು ಆಫೀಸೊಂದರಲ್ಲಿ ಕ್ಲರ್ಕು. ಅತ್ತೆ ನಮ್ಮ ಜೊತೆಗೇ ಇದ್ದಾರೆ. ಎರಡು ವರ್ಷದ ಹಿಂದೆ ಒಂದು ಹಳೆಯ ಕಾರು ಕೊಂಡೆವು. ಕೊಂಡೆವು ಎನ್ನುವುದು ಮಾತಿಗೆ. ಅದರ ಕೀಲಿ ಸದಾ ಅವರ ಜೇಬಿನಲ್ಲೇ. ಹದಿನೆಂಟನೇ ವಯಸ್ಸಿಗೆ ಅಣ್ಣನ ಟ್ರ್ಯಾಕ್ಟರ್ ಹೊಡೆದು ಸೋಯಾ ಹೊಲ ಹರಗಿದವಳು ನಾನು. ಟ್ರ್ಯಾಕ್ಟರ್ ಬೇರೆ, ಕಾರು ಬೇರೆ ಎನ್ನುತ್ತಾರೆ. ಬೇರೆ ಹೌದು, ಟ್ರ್ಯಾಕ್ಟರ್ ಹೆಚ್ಚು ಕಷ್ಟ.

ಹೋದ ಚಳಿಗಾಲದಲ್ಲಿ ಊರ ಹೊರಗಿನ ಮೈದಾನಕ್ಕೆ ಕಾರಿನ ಆಟದವರು ಬಂದರು. ಆಟೋಕ್ಕೆ ಮೈಕು ಕಟ್ಟಿಕೊಂಡು ಚಿದ್ರಿಯ ಓಣಿ ಓಣಿಯಲ್ಲಿ ಕೂಗಿದರು. ಕಾರು ಎರಡೇ ಗಾಲಿಯ ಮೇಲೆ ಓಡುತ್ತದಂತೆ, ಬೈಕು ಬೆಂಕಿಯ ಬಳೆಯೊಳಗಿಂದ ಹಾರುತ್ತದಂತೆ, ನಡುವೆ ಹಾಡು, ಡ್ಯಾನ್ಸು, ಮಿಮಿಕ್ರಿ. "ಮೊಬೈಲಿನಾಗ ಎಲ್ಲಾ ಬರ್ತದ, ಅಲ್ಲಿ ಹೋಗಿ ಧೂಳ ತಿನ್ನದ್ಯಾಕ?" ಎಂದರು ಇವರು. ನಾನು ಹಟ ಹಿಡಿದೆ. ಭಾನುವಾರ ನಾಲ್ಕು ಗಂಟೆಯ ಆಟಕ್ಕೆ ಹೋದೆವು.

ತಗಡಿನ ಬೇಲಿ, ಒಳಗೆ ಕೆಂಪು ಮಣ್ಣು, ನಡುವೆ ಓರೆಯಾಗಿ ನಿಲ್ಲಿಸಿದ ಹಲಗೆ. ಸ್ಟಂಟ್ ಮಾಡುವವನೆಂದರೆ ಹುಡುಗನಿರಬಹುದು ಎಂದುಕೊಂಡಿದ್ದೆ. ಬಂದವನು ಐವತ್ತರ ಆಸುಪಾಸಿನ ಸಣಕಲು ಮನುಷ್ಯ, ಕನ್ನಡಕ ಬೇರೆ. ಕಾರಿನ ಎಡಗಡೆಯ ಗಾಲಿಗಳು ಹಲಗೆ ಏರಿದವು, ಕಾರು ಬಲಕ್ಕೆ ವಾಲಿತು, ಇನ್ನೇನು ಬಿತ್ತು ಎನ್ನುವಷ್ಟರಲ್ಲಿ ಆತ ಸ್ಟೀರಿಂಗನ್ನು ಚೂರೇ ಚೂರು ತಿರುಗಿಸಿ ಅದನ್ನು ಅಲ್ಲೇ ಹಿಡಿದ. ಬದುವಿನ ಮೇಲೆ ಟ್ರ್ಯಾಕ್ಟರಿನ ಒಂದು ಗಾಲಿ ಏರಿದಾಗ ಹೊಟ್ಟೆಯೊಳಗೆ ಏನಾಗುತ್ತದೆ ಎಂದು ನನಗೆ ಗೊತ್ತು. ಒಂದು ಕ್ಷಣ ಇದ್ದು ಹೋಗುವ ಅದನ್ನು ಈತ ಇಡೀ ಮೈದಾನ ಸುತ್ತುವವರೆಗೆ ಹಿಡಿದಿಟ್ಟುಕೊಂಡಿದ್ದ. ಅವನ ಪಕ್ಕದ ಸೀಟು ಗಾಳಿಯಲ್ಲಿತ್ತು, ಖಾಲಿಯಿತ್ತು. ಅಲ್ಲಿ ಕೂರಬೇಕು ಅನ್ನಿಸಿತು. ಇಷ್ಟು ವರ್ಷದಲ್ಲಿ ಯಾವುದನ್ನೂ ಹಾಗೆ ಬಯಸಿದವಳಲ್ಲ ನಾನು.

ಬೇಡಿದ್ದೇ ಕೊಡುತ್ತೇನೆ ಎನ್ನುವಂತೆ ಮೈಕಿನವನು ಎದ್ದ. ಜರಿಯ ಕೋಟು, ಬಾಯಲ್ಲಿ ಕನ್ನಡ, ಹಿಂದಿ, ಮರಾಠಿ ಕಲಸಿದ ಮಾತು. "ಜೋಡಿ ಜೋಡಿ ಬಂದವ್ರು ಕೇಳ್ರಿ! ಯಾವ ಅಕ್ಕ ಗಂಡನ ಹೆಸರು ಒಡಪಿನಾಗ ಚಂದ ಹೇಳ್ತಾರ, ಆ ಅಕ್ಕ ಈ ಗಾಡ್ಯಾಗ ಕೂತು ಒಂದು ರೌಂಡ್ ಹೋಗ್ತಾರ! ಎರಡು ಗಾಲಿ ಮ್ಯಾಲ!"

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಮದುವೆಯಲ್ಲಿ, ಬಸುರಿಗೆ ಮಾಡುವ ಕುಬಸದಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಹೆಸರು ಹೇಳು ಎಂದು ಕಾಡಿದಾಗ ಪ್ರಾಸ ಕಟ್ಟಿ, ಕೊನೆಯಲ್ಲಿ ಹೆಸರು ಸೇರಿಸಿ ಹೇಳಬೇಕು. ಅದೇ ಒಡಪು. ಮರಾಠಿಯವರು ಉಖಾಣಾ ಎನ್ನುತ್ತಾರೆ. ಹಲಬರ್ಗಾದಲ್ಲಿ ನನ್ನ ಒಡಪಿಗೆ ಹೆಸರಿತ್ತು. ಎದ್ದೆ. ಇವರು ದುಪಟ್ಟಾ ಹಿಡಿದೆಳೆದರು. "ಸುಮ್ ಕೂಡು. ಮಂದಿ ನಗ್ತಾರ."

"ನಗಲಿ ಅಂತೇ ಹೊಂಟೇನ್ರಿ" ಎಂದೆ. ಜೋಡಿಯಾಗಿಯೇ ನಿಲ್ಲಬೇಕೆಂದು ಮೈಕಿನವನು ಕರೆದದ್ದಕ್ಕೆ ಅವರೂ ಬಂದರು.

ಮೂವರು ಹೆಂಗಸರಿದ್ದೆವು. ಮೊದಲಿನವಳು ಹಾಲು ಸಕ್ಕರೆಯ ಹಳೆಯ ಒಡಪನ್ನೇ ಹೇಳಿದಳು. ಎರಡನೆಯವಳು ಮರಾಠಿಯಲ್ಲಿ ಚೆನ್ನಾಗಿಯೇ ಶುರುಮಾಡಿ, ನಾಚಿಕೆಗೆ ಅರ್ಧ ಮರೆತಳು. ನಾನು ನಿಂತಲ್ಲೇ ಕಟ್ಟಿದ್ದು ಹೇಳಿದೆ.

"ಆಟದವ್ರ ಕಾರಿಗಿ ಸಾಕು ಎರಡು ಗಾಲಿ,
ಭಾಲ್ಕಿ ರೋಡಿನ ಮ್ಯಾಲ ಮುಂದೆಲ್ಲ ಖಾಲಿ,
ಆದ್ರೂ ಬ್ರೇಕಿನ ಮ್ಯಾಲಿನ ಕಾಲು ತೆಗಿಯಂಗಿಲ್ಲ ನಮ್ಮ..."

ಕೊನೆಗೆ ಅವರ ಹೆಸರು. ಮೈದಾನವೆಲ್ಲ ಸಿಳ್ಳೆ ಹೊಡೆಯಿತು. ಕಾರಿಗೆ ಒರಗಿ ನಿಂತಿದ್ದ ಆ ಡ್ರೈವರ್ ಕೂಡ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. "ಅಕ್ಕ ಗೆದ್ದಾರ!" ಎಂದು ಮೈಕಿನವನು ಮೂರು ಸಲ ಕೂಗಿದ. ಮೂರು ಸಲ. ನನ್ನ ಗಂಡನ ಕಿವಿ ಕೆಂಪಾಗಿತ್ತು.

ಹಾಗೆ ಚುಚ್ಚಬಾರದಿತ್ತೇನೋ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇಲ್ಲ, ತಪ್ಪಲ್ಲ. ಒಡಪಿನಲ್ಲಿ ಗಂಡನ ಕಾಲೆಳೆಯಲು ನಮ್ಮ ಅಜ್ಜಿಯ ಕಾಲದಿಂದ ಪರವಾನಗಿ ಇದೆ. ನಕ್ಕುಬಿಡುವುದು ಗಂಡನ ಪಾಲಿನ ಕೆಲಸ. ಅದೊಂದನ್ನು ಇವರು ಮಾಡಲಿಲ್ಲ.

ನಾನು ದುಪಟ್ಟಾ ಸೊಂಟಕ್ಕೆ ಬಿಗಿದು ಕಾರಿನ ಕಡೆ ಎರಡು ಹೆಜ್ಜೆ ಇಟ್ಟಿದ್ದೆ. ಮೈಕಿನವನು ಬೆಣ್ಣೆಯಿಂದ ಕೂದಲು ತೆಗೆದಂತೆ ನನ್ನನ್ನು ಪಕ್ಕಕ್ಕೆ ಸರಿಸಿದ. "ಅಕ್ಕಾರಿಗಿ ಚಕ್ಕರ್ ಬರ್ತದ. ಅಣ್ಣಾರ ಬರ್ರಿ! ಬ್ರೇಕ್ ಅಣ್ಣಾ, ಧೈರ್ಯ ತೋರಸ್ರಿ!"

"ಗೆದ್ದಾಕಿ ನಾನ್ರಿ," ಎಂದೆ. "ನಾ ಕೂಡ್ತೇನಿ."

"ಅಕ್ಕಾ, ಜೋಡಿ ಅಂದ್ಮ್ಯಾಲ ಇಬ್ಬರೂ ಒಂದೇ ಅಲ್ರಿ? ನಿಮಗೂ ಇನಾಮ್ ಅದ!" ಎಂದು ನನ್ನ ಕೈಗೆ ಒಂದು ಹಾಟ್‌ಬಾಕ್ಸ್ ಇಟ್ಟ. ರೊಟ್ಟಿ ಬಿಸಿಯಾಗಿಡಲು!

ನಾನು ಗಂಡನ ಮುಖ ನೋಡಿದೆ. ಮೈಕಿನವನು ನನಗೆ ಯಾರು? ನಾಳೆ ತಗಡು ಬಿಚ್ಚಿಕೊಂಡು ಬೇರೆ ಊರಿಗೆ ಹೋಗುವವನು. ಇವರು ಒಂದು ಮಾತು ಹೇಳಿದ್ದರೆ ಸಾಕಿತ್ತು: ಗೆದ್ದವಳು ಆಕೆ, ಆಕೆಯೇ ಕೂರಲಿ. ಹೇಳಲಿಲ್ಲ. ಹೆಲ್ಮೆಟ್ ಇಸಿದುಕೊಂಡರು. ಅದರ ಪಟ್ಟಿ ಹಾಕಿಕೊಳ್ಳಲು ಬರಲಿಲ್ಲ, ಡ್ರೈವರೇ ಹಾಕಿದ. ಕಿಟಕಿಯಿಂದ ಜನರಿಗೆ ಕೈ ಬೀಸಿದರು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಕಾರು ಹಲಗೆ ಏರಿತು. ನನ್ನ ಸೀಟು ಮೇಲೆದ್ದಿತು. ಅದರಲ್ಲಿ ಅವರಿದ್ದರು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು. ನಾನು ಬೇಲಿಯ ಹತ್ತಿರವೇ ನಿಂತಿದ್ದೆ, ಸರಿಯಾಗಿ ನೋಡಿದ್ದೇನೆ. ಇಡೀ ಸುತ್ತು ಅವರು ಕಣ್ಣು ತೆರೆಯಲಿಲ್ಲ. ನನ್ನಿಂದ ಕಿತ್ತುಕೊಂಡದ್ದನ್ನು ನೋಡಲೂ ಇಲ್ಲವಲ್ಲ ಈ ಮನುಷ್ಯ ಎಂದು ಅಂಗಾಲಿನ ಉರಿ ನೆತ್ತಿಗೇರಿತು. ಹಾಟ್‌ಬಾಕ್ಸನ್ನು ಅಲ್ಲೇ ಮಣ್ಣಿನಲ್ಲಿಟ್ಟೆ.

ಇಳಿದವರೇ ಕೇಳಿದ್ದು, "ವಿಡಿಯೋ ತೆಗದೇನು?"

"ಇಲ್ಲ."

"ಅಷ್ಟೂ ಆಗಲಿಲ್ಲೇನು ನಿನಗ?"

ಚಿದ್ರಿಗೆ ಬರುವವರೆಗೆ ಅವರು ಸ್ಟೀರಿಂಗ್ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದರು.

ಮನೆಯಲ್ಲಿ ದೀಪ ಹಚ್ಚುವ ಹೊತ್ತು. ಅತ್ತೆ ಪಕ್ಕದ ಮನೆಯಾಕೆಯ ಜೊತೆ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತ ಕುಳಿತಿದ್ದರು. ಇವರು ಚಪ್ಪಲಿ ಬಿಡುತ್ತಲೇ ಶುರುಮಾಡಿದರು. ಕಾರು ಹೇಗೆ ಎದ್ದಿತು, ಮೇಲಿಂದ ಜನ ಎಷ್ಟು ಸಣ್ಣಗೆ ಕಂಡರು, ಎಲ್ಲ. ಮುಚ್ಚಿದ ಕಣ್ಣಿಗೆ ಇಷ್ಟೆಲ್ಲ ಕಂಡಿತ್ತು!

"ಯವ್ವಾ, ನೀ ಯಾಕ ಕೂತಿ ಅದ್ರಾಗ?" ಅತ್ತೆ ಗಾಬರಿಯಾದರು.

"ಇಕಿದೇ ಪಾಳಿ ಇತ್ತು. ಅಂಜಿ ಥರಥರ ನಡಗ್ಲತ್ತಿದ್ಳು. ಅದಕ್ಕ ನಾ ಕೂತೆ."

ಸೀಟು ಹೋದದ್ದನ್ನು ನುಂಗಿಕೊಳ್ಳುತ್ತಿದ್ದೆನೇನೋ. ಇದನ್ನು ನುಂಗಲಾಗಲಿಲ್ಲ. ಕೈಗೆ ಬಂದ ತುತ್ತು ಕಿತ್ತುಕೊಂಡದ್ದಲ್ಲದೆ, ಇವಳಿಗೆ ಹಸಿವೇ ಇರಲಿಲ್ಲ ಎಂದು ಊರಿಗೆ ಸಾರುತ್ತಿದ್ದಾರೆ.

"ಸುಳ್ಳ ಹೇಳಬ್ಯಾಡ್ರಿ," ಎಂದೆ. ನನ್ನ ದನಿ ಓಣಿಗೆ ಕೇಳಿಸಿರಬೇಕು. "ನಾ ಅಂಜಿದ್ದಿಲ್ಲ. ಒಡಪು ಹೇಳಿ ಗೆದ್ದಿದ್ದೆ. ನನ್ನ ಜಾಗಾದಾಗ ನೀವು ಹೋಗಿ ಕೂತ್ರಿ."

ಪಕ್ಕದ ಮನೆಯಾಕೆಯ ಮೊರ ನಿಂತಿತು. ಇವರು ನಕ್ಕರು. "ಇಷ್ಟಕ್ಕ ಇಷ್ಟು ಸಿಟ್ಟೇನು? ನಾ ಕೂತ್ರೇನು, ನೀ ಕೂತ್ರೇನು? ಗಂಡ ಹೆಂಡ್ತಿ ಬ್ಯಾರೇನು?"

"ಬ್ಯಾರೆ ಇದ್ದೇವ್ರಿ. ನೀವು ಉಂಡ್ರ ನನ್ನ ಹೊಟ್ಟಿ ತುಂಬಲ್ಲ."

ಮಾತು ಅಲ್ಲಿಗೆ ಮುಗಿಯುತ್ತದೆ, ಅತ್ತೆ ಮಗನ ಪರ ವಹಿಸುತ್ತಾರೆ ಎಂದುಕೊಂಡೆ. ಅವರು ಮೊರ ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡು ಮಗನ ಕಡೆ ತಿರುಗಿದರು. "ಹೌದೇನೋ ಅಪ್ಪಾ? ಆಕಿ ಗೆದ್ದಿದ್ಳೇನು?"

ಹೌದು ಎನ್ನಬೇಕಿತ್ತು. ಎರಡಕ್ಷರ. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ಕಾದೆ. ಅವರು ಅವ್ವನನ್ನು ನೋಡಿದರು, ನನ್ನನ್ನು ನೋಡಿದರು, ಚಹಾ ಆಗಿದೆಯೇ ಎಂದು ಕೇಳಿದರು. ಆ ಎರಡಕ್ಷರವನ್ನು ಅವರು ಇಂದಿನವರೆಗೂ ಹೇಳಿಲ್ಲ.