ತಕಿಟದಲ್ಲಿ ಕಾಣೆಯಾದ ‘ಕಿ’

ನಮ್ಮದು ಮೂರು ಸಿಲಿಂಡರಿನ ಚಿಕ್ಕ ಕಾರು. ನಿಂತಲ್ಲೇ ಇಂಜಿನ್ ಓಡುತ್ತಿರುವಾಗ ಅದು ‘ತಕಿಟ ತಕಿಟ’ ಎನ್ನುತ್ತದೆ. ಇದು ನಾನು ಕಟ್ಟಿದ ಕತೆಯಲ್ಲ, ಕಿವಿಗೊಟ್ಟರೆ ಯಾರಿಗಾದರೂ ಕೇಳುತ್ತದೆ. ನಾನು ಹಾಡು ಹೇಳಿಕೊಡುವವಳು. ಮರಳೂರಿನ ನಮ್ಮ ಮನೆಯಿಂದ ಹೊರಟು ಸೋಮವಾರ ಗುಬ್ಬಿಯಲ್ಲಿ, ಗುರುವಾರ ಕಡಬದಲ್ಲಿ, ಕೆಲಸ ಮುಗಿಸಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬರುವ ಹೆಂಗಸರಿಗೆ ಶಿವನ ಪದಗಳನ್ನು ಕಲಿಸುತ್ತೇನೆ. ಬೆಳಿಗ್ಗೆ ಕೀ ತಿರುಗಿಸಿ, ಎದುರು ಮನೆಯ ಕಾಂಪೌಂಡಿನ ಮೇಲೆ ಇಳಿಯುವ ಬಿಸಿಲನ್ನು ನೋಡುತ್ತಾ, ಆ ತಕಿಟಕ್ಕೆ ಒಂದು ಸಾಲು ಗುನುಗಿ, ಆಮೇಲೆ ಗೇರ್ ಹಾಕುವುದು ನನ್ನ ಅಭ್ಯಾಸ. ಅಷ್ಟು ಹೊತ್ತು ನಾನು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ.

ಹೋದ ವರ್ಷ ಆಯುಧಪೂಜೆ ಕಳೆದು ಬಂದ ಸೋಮವಾರ. ಗುಬ್ಬಿ ದಾರಿಯಲ್ಲಿ ತೆಂಗಿನ ತೋಟಗಳ ಮೇಲಿನ ಮಂಜು ಇನ್ನೂ ಎದ್ದಿರಲಿಲ್ಲ. ಮರಗಳ ತಲೆಗಳು ಮಾತ್ರ ಮೇಲೆ ತೇಲುತ್ತಿದ್ದವು, ಕೆಳಗೆ ಕಾಂಡಗಳೇ ಇರಲಿಲ್ಲ. ಅಂಥ ಬೆಳಿಗ್ಗೆ ನಾನು ಕಾರು ಓಡಿಸುತ್ತಿದ್ದೇನೋ, ಕಾರೇ ನನ್ನನ್ನು ಎಲ್ಲಿಗೋ ಕರೆದುಕೊಂಡು ಹೋಗುತ್ತಿದೆಯೋ ನನಗೆ ಸರಿಯಾಗಿ ತಿಳಿಯುವುದಿಲ್ಲ. ಗುನುಗುತ್ತಿದ್ದವಳಿಗೆ ತಾಳ ತಪ್ಪಿತು. ವಯಸ್ಸಾಯಿತು, ಇನ್ನು ತಾಳವೂ ಕೈಬಿಡುತ್ತದೇನೋ ಎಂದು ಮತ್ತೆ ಮೊದಲಿನಿಂದ ಹಿಡಿದೆ. ಮತ್ತೆ ತಪ್ಪಿತು. ಆಗ ಸ್ಟೇರಿಂಗ್ ನಡುಗುತ್ತಿರುವುದು ಅಂಗೈಗೆ ಗೊತ್ತಾಯಿತು. ಮೀಟರಿನಲ್ಲಿ ಇಂಜಿನ್ನಿನ ಚಿತ್ರದ ಹಳದಿ ದೀಪ ಹೊತ್ತಿಕೊಂಡಿತ್ತು. ಪಕ್ಕಕ್ಕೆ ನಿಲ್ಲಿಸಿ ಕೇಳಿದೆ. ‘ತ... ಟ, ತ... ಟ.’ ನಡುವಿನ ‘ಕಿ’ ಇರಲಿಲ್ಲ.

ಪಾಠಕ್ಕೆ ಬರಲಾಗುವುದಿಲ್ಲವೆಂದು ಫೋನ್ ಮಾಡಿ ತಿಳಿಸಿ ವಾಪಸು ತಿರುಗಿಸಿದೆ. ಪಿಕಪ್ಪೇ ಇಲ್ಲ. ಹಿಂದಿನಿಂದ ಬಂದ ಲಾರಿಯವರೆಲ್ಲ ಹಾರ್ನ್ ಹೊಡೆದುಕೊಂಡು ಮುಂದೆ ಹೋದರು. ಕಾರು ಮನೆಯ ಮುಂದೆ ಬಂದು ನಿಂತಾಗ ಬೇಸಿನ್ನಿನಲ್ಲಿಟ್ಟ ಲೋಟಗಳ ಹಾಗೆ ಮೈಯೆಲ್ಲ ಗಡಗಡ ಎನ್ನುತ್ತಿತ್ತು. ನಮ್ಮ ಯಜಮಾನರು ಗೇಟಿನ ಹತ್ತಿರವೇ ಇದ್ದರು.

‘ಸಾಕು ಬಿಡೆ ಇದರ ಸಹವಾಸ,’ ಎಂದರು. ‘ಮಾರ್ಬಿಡಾಣ.’

ಅವರು ಸತ್ಯಮಂಗಲದ ಒಂದು ಲೇತ್ ಶೆಡ್ಡಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಕಾರು ಓಡಿಸಲು ಅವರಿಗೆ ಬರುವುದಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ. ಸ್ಕೂಟರ್ ಸಾಕು ಎನ್ನುವ ಜನ. ನಾನು ತಲೆ ಅರ್ಧ ನರೆತ ಮೇಲೆ, ಇಡೀ ಬೀದಿ ನಿಂತು ನೋಡುತ್ತಿರುವಾಗ, ಕಡಬದ ಕೆರೆ ಏರಿಯ ಪಕ್ಕದ ರಸ್ತೆಯಲ್ಲಿ ಗೇರ್ ಬದಲಿಸುವುದನ್ನು ಕಲಿತವಳು. ಈ ಕಾರು ಹೋಯಿತು ಎಂದರೆ ಇನ್ನೊಂದು ಬರುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆಮೇಲೆ ನಾನು ಮತ್ತೆ ಯಾರಾದರೂ ಕರೆದುಕೊಂಡು ಹೋಗಲಿ ಎಂದು ಬಾಗಿಲಲ್ಲಿ ಕಾಯುವವಳು.

ಅವತ್ತೇ ಸಂಜೆ ಇವರು ಕುಣಿಗಲ್ಲಿನಲ್ಲಿರುವ ನನ್ನ ತಮ್ಮನಿಗೆ ಫೋನ್ ಮಾಡಿದರು. ಅವನದು ಅಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ. ಹಳೆ ಕಾರು ಹುಡುಕುತ್ತಿರುವ ಒಂದು ಪಾರ್ಟಿ ಇದೆ, ಭಾನುವಾರ ಸಂಜೆ ಕರೆದುಕೊಂಡು ಬರ್ತೀನಿ ಎಂದನಂತೆ. ನನಗೋ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಫೋನ್ ಕಿತ್ತುಕೊಂಡೆ.

‘ಏನ್ಲಾ, ನಾನು ನಿನ್ ಅಕ್ಕನೋ, ಅವರು ನಿನ್ ಅಕ್ಕನೋ?’

‘ಅಯ್ಯೋ, ಭಾವ ಹೇಳಿದ್ರು, ಹೂಂ ಅಂದೆ ಕಣಕ್ಕ.’

‘ನಾನೂ ಹೇಳ್ತಾ ಇದೀನಿ. ಇದನ್ನ ರಿಪೇರಿ ಮಾಡೋದು ಹೆಂಗೆ ಅಂತ ಹೇಳು.’

‘ಹೂಂ,’ ಎಂದ. ಅವನು ಹುಟ್ಟಿದಾಗಿನಿಂದ ಹಾಗೆಯೇ, ಎಲ್ಲರಿಗೂ ಹೂಂ. ‘ಸ್ಟಾರ್ಟ್ ಮಾಡಿ ಫೋನ್ ಇಂಜಿನ್ ಹತ್ರ ಹಿಡಿ.’ ಹಿಡಿದೆ. ‘ಮಿಸ್ಸಿಂಗ್ ಕಣಕ್ಕ ಅದು. ಒಂದು ಸಿಲಿಂಡರ್ ಕೆಲ್ಸ ಮಾಡ್ತಿಲ್ಲ.’

ಒಳಗೆ ಬಂದು, ‘ಕಾರು ಮಿಸ್ಸಿಂಗಂತೆ,’ ಎಂದೆ. ಜಗಲಿಯ ಮೇಲೆ ಕೂತಿದ್ದ ಅತ್ತೆ ಎದ್ದು, ಗೋಡೆ ಹಿಡಿದುಕೊಂಡು ಗೇಟಿನವರೆಗೆ ಹೋಗಿ ನೋಡಿ ಬಂದರು. ‘ಇಲ್ಲೇ ನಿಂತೈತಲ್ಲೇ,’ ಎಂದರು. ನನಗೆ ನಗು ಬಂತು, ನಗಲಿಲ್ಲ. ಅತ್ತೆಗೂ ಆ ಕಾರಿಗೂ ಅಷ್ಟಕ್ಕಷ್ಟೇ. ಎಂಬತ್ತು ದಾಟಿದವರು, ಕಡಬದಲ್ಲೇ ಹುಟ್ಟಿ ಬೆಳೆದವರು. ನಾನು ವಾರವಾರ ಅವರ ತವರಿಗೇ ಹೋಗಿ ಬರುತ್ತಿದ್ದರೂ ಒಂದು ದಿನವೂ ನನ್ನ ಪಕ್ಕದ ಸೀಟಿನಲ್ಲಿ ಕೂತವರಲ್ಲ. ನನ್ನ ತಮ್ಮ ಓಡಿಸಿದರೆ ಕೂರುತ್ತಿದ್ದರು. ನಾನು ಹೊರಟಾಗೆಲ್ಲ ಜಗಲಿಯ ಮೇಲೆ ಮುಖ ಗಂಟಿಕ್ಕಿಕೊಂಡು ಕೂತಿರುತ್ತಿದ್ದರು, ಬಂದಾಗಲೂ ಅದೇ ಜಾಗ, ಅದೇ ಗಂಟು. ಸೊಸೆ ಸ್ಟೇರಿಂಗ್ ಹಿಡಿದದ್ದು ಅವರಿಗೆ ಹಿಡಿಸಿಲ್ಲ ಎಂದು ನಾನು ಎಂದೋ ತೀರ್ಮಾನ ಮಾಡಿಬಿಟ್ಟಿದ್ದೆ.

ಗುರುವಾರ ಬಸ್ಸಿನಲ್ಲಿ ಕಡಬಕ್ಕೆ ಹೋದೆ. ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಎಷ್ಟು ಕಾದೆನೋ, ಅಲ್ಲಿಗೆ ತಲುಪುವಷ್ಟರಲ್ಲಿ ಅರ್ಧ ಜನ ಎದ್ದು ಹೋಗಿದ್ದರು. ಉಳಿದವರಿಗೆ ಒಂದು ಪದ ಹೇಳಿಕೊಟ್ಟು, ವಾಪಸು ಬಸ್ಸು ತಪ್ಪೀತೆಂದು ಓಡಿಬಂದೆ. ಕಿಟಕಿಯ ಸರಳಿಗೆ ತಲೆಯಾನಿಸಿ ಜೋಂಪು ಹತ್ತಿದಾಗ, ಬಸ್ಸಿನ ದೊಡ್ಡ ಸದ್ದಿನ ಕೆಳಗೆಲ್ಲೋ ನನ್ನ ಕಾರು ತನ್ನಷ್ಟಕ್ಕೆ ತಕಿಟ ತಕಿಟ ಎನ್ನುತ್ತಾ ಜೊತೆಗೇ ಬರುತ್ತಿರುವಂತೆ ಕೇಳಿಸಿತು. ಎಚ್ಚರವಾದಾಗ ಕ್ಯಾತ್ಸಂದ್ರದ ಕಡೆ ಹೋಗುವವರು ಯಾರೋ ಟಿಕೆಟ್ಟಿನ ಜಗಳ ಆಡುತ್ತಿದ್ದರು. ನನಗೆ ಅಳು ಬಂದಂತಾಯಿತು.

ಗ್ಯಾರೇಜಿಗೆ ಬಿಟ್ಟರೆ ಇವರು ಅಲ್ಲಿಂದಲೇ ನೇರ ಕುಣಿಗಲ್ಲಿಗೆ ಸಾಗಿಸಿಬಿಡುತ್ತಾರೆ ಎಂದು ನನಗೆ ಅನುಮಾನ. ಅದಕ್ಕೇ ಭಾನುವಾರ ತಿಂಡಿ ಮುಗಿಸಿದವಳೇ ಸೀರೆ ಎತ್ತಿ ಕಟ್ಟಿ ಬಾನೆಟ್ ಎತ್ತಿದೆ. ಯಜಮಾನರು ಪೇಪರ್ ಮಡಿಸಿಟ್ಟು ಬಂದು ನಿಂತರು. ಮಾರಬೇಕು ಅನ್ನುವವರೇ ಆದರೂ, ಬಿಚ್ಚಿದ ಯಂತ್ರ ಕಂಡರೆ ಕೈ ಕಟ್ಟಿ ಸುಮ್ಮನಿರುವ ಪ್ರಾಣಿ ಅಲ್ಲ ಅದು. ಹಳೆ ಶೆಡ್ಡಿನ ಪೆಟ್ಟಿಗೆಯಿಂದ ಸ್ಪ್ಯಾನರ್ ತಂದುಕೊಟ್ಟರು. ಫೋನಿನ ಸ್ಪೀಕರಿನಲ್ಲಿ ತಮ್ಮ ಇದ್ದ.

‘ಮೂರು ಕಾಯಿಲ್ ಕಾಣ್ತಾವಲ್ಲಕ್ಕ, ಪ್ಲಗ್ಗಿಗೆ ಕಿಡಿ ಕೊಡೋವು. ಆಫ್ ಮಾಡಿ, ಒಂದ್ರ ಕನೆಕ್ಷನ್ ತೆಗೆದು, ಮತ್ತೆ ಸ್ಟಾರ್ಟ್ ಮಾಡು. ಸೌಂಡ್ ಇನ್ನೂ ಕೆಟ್ಟರೆ ಅದು ಒಳ್ಳೇದು. ಏನೂ ವ್ಯತ್ಯಾಸ ಆಗ್ಲಿಲ್ಲ ಅಂದ್ರೆ ಅದೇ ಸತ್ತಿರೋದು.’

ದುಡಿಯುವವನು ಎದ್ದು ಹೋದರೆ ಮನೆಗೆ ಗೊತ್ತಾಗುತ್ತದೆ, ಮಲಗಿರುವವನು ಹೋದರೆ ಏನು ಗೊತ್ತಾಗಬೇಕು ಎಂದು ಯಜಮಾನರು ನನಗೆ ಬಿಡಿಸಿ ಹೇಳಿದರು. ಗೊತ್ತಾಯ್ತು ರೀ, ನಮ್ಮನೆಯಲ್ಲೂ ನೋಡಿದೀನಿ ಎಂದೆ.

ಮೊದಲನೆಯದನ್ನು ತೆಗೆದೆ. ಇಂಜಿನ್ ಬರೀ ‘ಟ, ಟ’ ಎನ್ನುತ್ತಾ ಉಸಿರು ಸಿಕ್ಕಿಕೊಂಡು ನಿಂತೇಹೋಯಿತು. ಅದನ್ನು ಸಿಕ್ಕಿಸಿ ಕೊನೆಯದನ್ನು ತೆಗೆದೆ. ಅದೂ ಹಾಗೆಯೇ ಒದ್ದಾಡಿತು. ನಡುವಿನದನ್ನು ತೆಗೆದು ಕೀ ತಿರುಗಿಸಿ, ಕಣ್ಣು ಮುಚ್ಚಿ ಕೇಳಿದೆ. ‘ತ... ಟ, ತ... ಟ.’ ಮೊದಲು ಹೇಗಿತ್ತೋ ಹಾಗೆ. ಏನೇನೂ ವ್ಯತ್ಯಾಸವಿಲ್ಲ. ನಡುವಿನ ಅಕ್ಷರ ಎಂದು ನಾನು ಸುಮ್ಮನೆ ಅಂದುಕೊಂಡಿದ್ದು, ನಿಜಕ್ಕೂ ನಡುವಿನದೇ ಆಗಿತ್ತು.

ನಡುವಿನ ಕಾಯಿಲ್ಲಿನ ಬೋಲ್ಟ್ ಬಿಚ್ಚಿ ಎಳೆದರೆ ಬರಲೊಲ್ಲದು. ತಿರುಗಿಸಿ ತಿರುಗಿಸಿ ಎಳೆದಾಗ ‘ಚಪ್’ ಎಂದು ಎದ್ದು ಬಂತು. ಅದರ ತುದಿಯ ರಬ್ಬರಿನಿಂದ ಬೆಳ್ಳಗೆ ಏನೋ ತೊಟ್ಟಿಕ್ಕಿತು. ಬಗ್ಗಿ ನೋಡಿದರೆ ಪ್ಲಗ್ ಕೂತಿರುವ ಗುಂಡಿಯ ತುಂಬಾ ನೀರು.

‘ರೀ, ಹಬ್ಬದ ದಿನ ಇಂಜಿನ್ನಿಗೂ ಪೈಪ್ ಹಿಡಿದ್ರಾ?’ ನನ್ನ ದನಿ ಏರಿತು.

‘ನಾನ್ಯಾಕೆ ಹಿಡೀಲಿ? ಒದ್ದೆ ಬಟ್ಟೇಲಿ ಒರೆಸಿದೀನಿ ಅಷ್ಟೇ.’

ಅವರ ಶೆಡ್ಡಿನಲ್ಲಿ ಆಯುಧಪೂಜೆಗೆ ಮಿಷನ್ನಿನ ಮುಚ್ಚಳ ತೆಗೆದು ಒಳಗಿನ ಮೋಟರಿಗೇ ಕುಂಕುಮ ಇಡುವುದು ರೂಢಿಯಂತೆ. ದುಡಿಯುವುದು ಅದು, ತಗಡಿಗೆ ಪೂಜೆ ಮಾಡಿ ಏನು ಬಂತು ಎನ್ನುತ್ತಾರೆ. ಹಾಗಾಗಿ ಮನೆಯ ಕಾರಿಗೂ ಬಾನೆಟ್ ಎತ್ತಿಯೇ ಪೂಜೆ. ಒದ್ದೆ ಬಟ್ಟೆಗೆ ಇಷ್ಟು ನೀರು ಎಲ್ಲಿಂದ ಬರಬೇಕು? ಕಾಯಿಲ್ಲನ್ನು ಮೂಗಿನ ಹತ್ತಿರ ಹಿಡಿದೆ. ಹುಳಿಬಂದ ಹಾಲಿನ ವಾಸನೆ. ಅದರ ಹಿಂದೆ ಎಳನೀರು. ಅದರ ಹಿಂದೆ, ಬಹಳ ಮೆಲ್ಲಗೆ, ಪಚ್ಚಕರ್ಪೂರ. ರಬ್ಬರಿಗೆ ಬಿಲ್ವಪತ್ರೆಯ ಒಂದು ಚೂರು ಅಂಟಿಕೊಂಡಿತ್ತು.

ಬೆಳಗಿನ ಜಾವ ಅರೆನಿದ್ದೆಯಲ್ಲಿರುವಾಗ, ಅತ್ತೆ ಪೂಜೆ ಮಾಡುವ ದೇವರ ಮನೆಯಿಂದ ನನ್ನ ಮಂಚದವರೆಗೆ ಬರುವ ವಾಸನೆ ಅದು. ಮದುವೆಯಾಗಿ ಬಂದಾಗಿನಿಂದ ನನ್ನ ಕನಸುಗಳ ಕೊನೆಯಲ್ಲೆಲ್ಲ ಅದೇ ಇದೆ. ಇಂಜಿನ್ನಿನ ಎಣ್ಣೆಯ ಕಮಟಿನ ನಡುವೆ ಅದನ್ನು ಮೂಸಿ ಒಂದು ಗಳಿಗೆ ನಾನೆಲ್ಲಿ ನಿಂತಿದ್ದೇನೆಂಬುದೇ ಮರೆತುಹೋಯಿತು. ಆಮೇಲೆ ಮೈಯೆಲ್ಲ ಉರಿದುಹೋಯಿತು.

‘ಅತ್ತೆ, ಬನ್ನಿ ಇಲ್ಲಿ,’ ಎಂದು ಕೂಗಿದೆ.

ಅತ್ತೆ ಬಂದರು. ನನ್ನ ಕೈಯಲ್ಲಿದ್ದುದನ್ನು ನೋಡಿದರು, ಬಿಲ್ವದ ಚೂರನ್ನೂ ನೋಡಿದರು.

‘ತೀರ್ಥ ಹಾಕಿದ್ರಾ ಇದಕ್ಕೆ?’

‘ಹೂಂ ಕಣವ್ವ. ಇವ್ನು ತೆಂಗಿನ್ಕಾಯಿ ತರಕ್ಕೆ ಒಳಕ್ಕೆ ಹೋಗಿದ್ನಲ್ಲ, ಆವಾಗ ಹಾಕ್ದೆ. ಅಭಿಷೇಕದ್ದು, ಒಂದು ಗಿಂಡಿ.’

‘ಒಂದು ಗಿಂಡಿ,’ ಎಂದರು ಯಜಮಾನರು, ಹಣೆಗೆ ಕೈ ಇಟ್ಟುಕೊಂಡು.

‘ಯಾಕತ್ತೆ? ಮೇಲೆ ಎರಡು ಹನಿ ಚಿಮುಕಿಸಿದ್ರೆ ಸಾಲ್ತಿರ್ಲಿಲ್ವಾ? ನಾನು ಕಾರು ಓಡಿಸೋದೇ ನಿಮಗೆ ಆಗಲ್ಲ ಅಂದ್ರೆ ಬಾಯಿಬಿಟ್ಟು ಹೇಳ್ಬೋದಿತ್ತಲ್ಲ.’

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಿದ್ದರು.

‘ಒಬ್ಳೇ ಹೋಗ್ತೀಯ,’ ಎಂದರು. ‘ಲಾರಿಗಳು ಓಡಾಡೋ ರೋಡು. ನಂಗೆ ಅದ್ರ ವಿಚಾರ ಏನ್ ಗೊತ್ತವ್ವ? ಮೇಲ್ಮೇಲೆ ಹಾಕಿದ್ರೆ ಗಾಳಿಗೆ ಆರೋಗ್ತದೆ, ಒಳಗೆ ಅದ್ರ ಗುಂಡಿಗೇಗೇ ತಾಗ್ಲಿ ಅಂತ ಹಾಕ್ದೆ. ನೀನು ಗೇಟಿನ್ ಒಳಕ್ಕೆ ಬರೋಗಂಟ ನಾನು ಯಾವತ್ತಾದ್ರೂ ಜಗಲಿ ಬಿಟ್ಟು ಎದ್ದಿದೀನಾ, ನೀನೇ ಹೇಳು.’

ಇಷ್ಟು ವರ್ಷ ನಾನು ನೋಡಿದ ಆ ಗಂಟುಮುಖ ಭಯದ್ದು. ಫೋನಿನಲ್ಲಿ ತಮ್ಮ ಇರುವುದೇ ನಮಗೆ ಮರೆತಿತ್ತು. ‘ಅಕ್ಕ, ಪ್ಲಗ್ ಬಿಚ್ಚೋಕ್ ಮುಂಚೆ ಗುಂಡಿ ಪೂರ್ತಿ ಒಣಗಿಸ್ಕೊಳ್ಳಿ,’ ಎಂದ ಕೊನೆಗೆ. ‘ಇಲ್ದಿದ್ರೆ ತೀರ್ಥ ಸಿಲಿಂಡರೊಳಗೆ ಇಳೀತದೆ.’

ಅತ್ತೆಯ ಹಳೆ ಹತ್ತಿಸೀರೆಯ ಚೂರನ್ನೇ ಕಡ್ಡಿಗೆ ಸುತ್ತಿ ಇಳಿಸಿ, ಹಿಂಡಿ, ಮತ್ತೆ ಇಳಿಸಿದೆವು. ಯಜಮಾನರು ಸೈಕಲ್ ಪಂಪಿನಿಂದ ಗಾಳಿ ಹೊಡೆದರು. ಗುಂಡಿಯ ಬಾಯಿಯ ರಬ್ಬರ್ ಬಿರುಕುಬಿಟ್ಟಿತ್ತು, ತೀರ್ಥಕ್ಕೆ ದಾರಿ ಕೊಟ್ಟದ್ದು ಅದೇ. ಬಿಚ್ಚಿದ ಪ್ಲಗ್ಗನ್ನು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಕಾಯಿಲ್ಲಿನ ಜೊತೆಗೆ ಮೊರದ ಮೇಲೆ ಬಿಸಿಲಿಗಿಟ್ಟೆವು. ಪಕ್ಕದಲ್ಲಿ ಅತ್ತೆ ಒಣಹಾಕಿದ್ದ ಸಂಡಿಗೆ. ಎರಡನ್ನೂ ಕಾಗೆಯಿಂದ ಕಾಯುತ್ತಾ ಅವರು ಅಲ್ಲೇ ಕೂತರು. ಊಟವಾದ ಮೇಲೆ ನಾನೂ ಅವರ ಪಕ್ಕದಲ್ಲಿ ಕೂತೆ. ಮಧ್ಯಾಹ್ನದ ಬೀದಿ ನಿಶ್ಶಬ್ದವಾಗಿತ್ತು.

ಬಿಸಿಲು ವಾಲಿದ ಮೇಲೆ ಎಲ್ಲವನ್ನೂ ಮತ್ತೆ ಕೂರಿಸಿದೆವು. ಕೀ ತಿರುಗಿಸಿದೆ. ಒಂದು ಸಲ ಮುಗ್ಗರಿಸಿತು, ಎರಡನೇ ಸಲ ಕೆಮ್ಮಿತು, ಆಮೇಲೆ ತಕಿಟ, ತಕಿಟ, ತಕಿಟ. ಯಜಮಾನರು ಬಾನೆಟ್ಟಿನ ಅಂಚಿನ ಮೇಲೆ ಅಂಗೈ ಇಟ್ಟು, ನಡುಕ ಇದೆಯೇ ಎಂದು ನೋಡಿದರು. ಇರಲಿಲ್ಲ. ಅವರೇ ನನ್ನ ತಮ್ಮನಿಗೆ ಫೋನ್ ಮಾಡಿ, ‘ಆ ಪಾರ್ಟಿಗೆ ಬೇಡ ಅಂದ್ಬಿಡಪ್ಪ,’ ಎಂದರು. ಅತ್ತ ಕಡೆಯಿಂದ ಹೂಂ ಬಂದಿರಬೇಕು.

‘ಬನ್ನಿ ಅತ್ತೆ, ಕೂತ್ಕೊಳ್ಳಿ,’ ಎಂದು ಪಕ್ಕದ ಬಾಗಿಲು ತೆರೆದೆ. ಬರುವುದಿಲ್ಲವೆಂದೇ ಅಂದುಕೊಂಡಿದ್ದೆ. ಅವರು ಚಪ್ಪಲಿಯನ್ನು ಗೇಟಿನ ಒಳಗೇ ಬಿಟ್ಟು, ದೇವಸ್ಥಾನಕ್ಕೆ ಹೋಗುವಂತೆ ಬರಿಗಾಲಲ್ಲಿ ಹತ್ತಿ ಕೂತರು.

ಗುಬ್ಬಿ ದಾಟುವವರೆಗೂ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದರು. ಪ್ರತಿ ಲಾರಿಗೂ ಶಿವಶಿವಾ ಎನ್ನುತ್ತಿದ್ದರು. ಆಮೇಲೆ ತೆಂಗಿನ ನೆರಳು ಬೆಳಕು ನೆರಳು ಬೆಳಕು ಅವರ ಮಡಿಲ ಮೇಲೆ ಹಾಯ್ದು ಹೋಗತೊಡಗಿತು. ಹಿಡಿ ಸಡಿಲವಾಯಿತು. ಕಡಬದ ಕೆರೆ ಕಾಣುವ ತಿರುವಿನಲ್ಲಿ ನೀರೆಲ್ಲ ಸಂಜೆಯ ಬಣ್ಣವಾಗಿತ್ತು. ನಿಮ್ಮ ಕೆರೆ ನೋಡಿ ಅತ್ತೆ ಎಂದು ತಿರುಗಿದರೆ, ಅವರು ಬಾಯಿ ಸ್ವಲ್ಪ ತೆರೆದುಕೊಂಡು ನಿದ್ದೆ ಹೋಗಿದ್ದರು. ನಾನು ಮನೆಗೆ ಬರುವವರೆಗೆ ಎಂದೂ ಕಣ್ಣು ಮುಚ್ಚದವರು. ಏರಿಯ ಪಕ್ಕ ನಿಲ್ಲಿಸಿದೆ, ಇಂಜಿನ್ ಆಫ್ ಮಾಡಲಿಲ್ಲ. ಸದ್ದು ನಿಂತರೆ ಅವರಿಗೆ ಎಚ್ಚರವಾದೀತು ಅನಿಸಿತು.

ಮಾರನೆಯ ದಿನ ಸೋಮವಾರ. ಕೀ ತಿರುಗಿಸಿ ಗುನುಗುತ್ತಾ ಕೂತಿದ್ದೆ. ಪೂಜೆ ಮುಗಿಸಿದ ಅತ್ತೆ ತೀರ್ಥದ ಗಿಂಡಿ ಹಿಡಿದು ಮೆಟ್ಟಿಲಿಳಿದು ಬಂದರು. ಕಣ್ಣು ಬಾನೆಟ್ಟಿನ ಮೇಲಿತ್ತು.

‘ಅದಕ್ಕೆ ಬೇಡ ಅತ್ತೆ, ನನಗೆ ಕೊಡಿ,’ ಎಂದು ಕಿಟಕಿಯಿಂದ ಅಂಗೈ ಚಾಚಿದೆ.

ಒಂದು ಚಮಚ ಹಾಕಿದರು. ಕುಡಿದು ಕೈಯನ್ನು ತಲೆಗೆ ಒರೆಸಿಕೊಂಡೆ. ಅವರು ಅಲ್ಲೇ ನಿಂತಿದ್ದರು.

‘ಇನ್ನೊಂದ್ಸಲ ಹಿಡಿ ಕೈನ.’

‘ಕುಡಿದ್ನಲ್ಲತ್ತೆ.’

‘ಅದು ನಿಂದು. ಇದು ಗಾಡೀದು.’

ಗಾಡಿಯ ಪಾಲನ್ನೂ ಕುಡಿದು ಗೇರ್ ಹಾಕಿದೆ.