ಒರೆಸಿಹಾಕಿದ ಸುಣ್ಣದ ಚುಕ್ಕೆ

ಈರಣ್ಣ, ನಿನ್ನನ್ನು ಸುಳ್ಳುಗಾರನೆನಿಸಿದವನು ನಾನು. ಟಿ.ವಿ.ಯೊಳಗಿನ ಆ ಕಾಯಿಲ್ ಕೆಡಿಸಿದ್ದು ನಿನ್ನ ಕೈಯಲ್ಲ, ನನ್ನದು.

೧೯೮೬, ದಸರೆ ಮುಗಿದ ಮೊದಲ ಭಾನುವಾರ, ಬೆಳಿಗ್ಗೆ ಒಂಬತ್ತೂಕಾಲು. ಬಳ್ಳಾರಿ ಗಾಂಧಿನಗರದ ನಮ್ಮ ಮನೆಯಲ್ಲಿದ್ದವರು ನಾನು ಮತ್ತು ನನ್ನ ಹೆಂಡತಿ ಗಂಗಮ್ಮ. ಆಕೆ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಹಿಂದಿನ ಸಂಜೆಯಷ್ಟೇ ನೀನು ಬಂದು ನಮ್ಮ ಕಪ್ಪು-ಬಿಳುಪು ಟಿ.ವಿ. ಸರಿಮಾಡಿದ್ದೆ. ಚಿತ್ರ ಓರೆಯಾಗಿ, ಪಟ್ಟೆಪಟ್ಟೆಯಾಗಿ ಹರಿದುಹೋಗುತ್ತಿತ್ತು. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಕೆತ್ತಿ ಮಾಡಿಕೊಂಡ ಚಪ್ಪಟೆ ಕಡ್ಡಿಯಿಂದ ನೀನು ತಂತಿ ಸುತ್ತಿದ ಆ ಕಾಯಿಲ್ ಒಳಗಿನ ಕರಿ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದೆ, ಚಿತ್ರ ನಿಂತಿತು. ಕಬ್ಬಿಣ ತಾಗಿದರೆ ಅದು ಬಳಪದಂತೆ ಸೀಳಿಹೋಗುತ್ತದೆ ಎಂದು ನೀನು ಎಚ್ಚರಿಸಿದ್ದೂ ನೆನಪಿದೆ. ಆಮೇಲೆ ಎಲೆಯಡಿಕೆ ಡಬ್ಬಿಯಿಂದ ಸುಣ್ಣ ತೆಗೆದು ತಿರುಪಿನ ಮೇಲೊಂದು, ಪಕ್ಕದಲ್ಲೊಂದು ಚುಕ್ಕೆ ಇಟ್ಟೆ. ಎರಡೂ ಎದುರುಬದುರಿದ್ದರೆ ತಿರುಪು ಕದಲಿಲ್ಲವೆಂದು ಅರ್ಥ.

"ಚಾಲೂ ಮಾಡಿದ ಕೂಡ್ಲೆ ಮ್ಯಾಲೆ ಚೂರು ಬಾಗಿರ್ತೈತ್ರಿ ಮಾಸ್ತರ್. ಬಿಸಿ ಆತಂದ್ರ ತಾನ ನೆಟ್ಟಗ ಆಕೈತಿ. ಹತ್ತು ನಿಮಿಷ ತಡೀರಿ."

ಆ ಸಂಜೆ ನಿನ್ನ ಬಾಯಲ್ಲಿ ಇನ್ನೊಂದೇ ಮಾತಿತ್ತು. ನಿಮ್ಮ ಅಂಗಡಿಯ ಮಾಲೀಕ ಶರಣಪ್ಪ ಸಿರುಗುಪ್ಪದಲ್ಲಿ ತೆರೆಯಲಿದ್ದ ಹೊಸ ಅಂಗಡಿಯನ್ನು ನಿನ್ನ ಕೈಗೆ ಕೊಡುವುದು ನಿಶ್ಚಯವಾಗಿತ್ತು. ನಿನ್ನೂರು ಕರೂರಿನಿಂದ ದಿನಾ ಹೋಗಿಬರಬಹುದು, ಹಾಸಿಗೆ ಹಿಡಿದ ತಾಯಿಗೆ ರಾತ್ರಿ ಊಟ ಹಾಕಬಹುದು— ಎಷ್ಟು ಸಲ ಹೇಳಿದೆ ನೀನು!

ಮೂವತ್ತು ವರ್ಷ ಹೈಸ್ಕೂಲಿನ ಡ್ರಿಲ್ ಮಾಸ್ತರನಾಗಿ ಮಕ್ಕಳನ್ನು ಗೆರೆ ಎಳೆದಂತೆ ನಿಲ್ಲಿಸಿದವನು ನಾನು. ಭಾನುವಾರ ಒಂಬತ್ತಕ್ಕೆ ಧೂಳು ತೆಗೆಯುವುದು ನನ್ನ ನಿಯಮ— ಫ್ಯಾನು, ಗಡಿಯಾರ, ರೇಡಿಯೋ, ಟಿ.ವಿ., ಅದೇ ಕ್ರಮದಲ್ಲಿ. ಅಂದು ಟಿ.ವಿ. ಹಾಕಿದೆ, ಚಿತ್ರದ ಮೇಲಂಚು ಬಾಗಿತ್ತು. ಹತ್ತು ನಿಮಿಷ— ನಾನು ಎರಡು ನಿಮಿಷವೂ ತಡೆಯಲಿಲ್ಲ. ಪ್ಲಗ್ ಕಿತ್ತು ಹಿಂಬದಿಯ ಮುಚ್ಚಳ ಬಿಚ್ಚಿದೆ. ಮೊದಲು ಒದ್ದೆ ಬಟ್ಟೆಯಿಂದ ಒಳಗಿನ ಧೂಳು ಒರೆಸಿದೆ. ಸುಣ್ಣದ ಚುಕ್ಕೆಗಳೂ ಹೋದವು. ಅವು ಗುರುತೆಂದು ಗೊತ್ತಿತ್ತು— ಗೊತ್ತಿದ್ದೂ, ಕೆಲಸ ಮುಗಿದ ಮೇಲೆ ಕಲೆ ಯಾಕಿರಬೇಕು ಅಂದುಕೊಂಡೆ. ಆಮೇಲೆ ಕಬ್ಬಿಣದ ಸ್ಕ್ರೂಡ್ರೈವರನ್ನೇ ತೂರಿಸಿ ತಿರುಗಿಸಿದೆ. ಟಕ್ಕೆಂದಿತು. ಮತ್ತೆ ಟಿ.ವಿ. ಹಾಕಿದರೆ ಬರೀ ಓರೆ ಪಟ್ಟೆಗಳು.

ನಿನ್ನೆಯ ರಿಪೇರಿ ನಿಲ್ಲಲಿಲ್ಲ ಎಂದಷ್ಟೇ ಅಂಗಡಿಗೆ ಹೇಳಿಕಳಿಸಿದೆ. ಹತ್ತೂವರೆಗೆ ಶರಣಪ್ಪ ನಿನ್ನನ್ನು ಕರೆದುಕೊಂಡು ಬಂದ. ಟಾರ್ಚ್ ಹಿಡಿದು ಒಳಗೆ ಇಣುಕಿದ.

"ಲೇ ಈರ್ಯಾ, ಇದರಾಗ ಕಬ್ಬಿಣ ಆಡಿಸೀಯೇನಲೇ?"

"ಇಲ್ರೀ ಅಣ್ಣಾರ. ಬ್ರಷ್ಷಿನ ಕಡ್ಡೀಲೇ ತಿರುವೀನಿ. ಸುಣ್ಣದ ಗುರ್ತು ಇಟ್ಟೀನಿ, ನೋಡ್ರಿ."

"ಎಲ್ಲೈತಲೇ ಸುಣ್ಣ? ಎಲಿಗೆ ಹಚ್ಚಿ ನುಂಗಿಬಿಟ್ಟಿಯೇನು?"

ನೀನು ಬಗ್ಗಿ ನೋಡಿದೆ. ಬೆರಳಿಂದ ಸವರಿಯೂ ನೋಡಿದೆ. ಶರಣಪ್ಪ ನನ್ನ ಕಡೆ ತಿರುಗಿದ.

"ಮಾಸ್ತರ್, ನೀವ ಹೇಳ್ರಿ. ನಿಮ್ಮ ಮಾತಿಗೆ ನಾ ಎದುರಾಡಂಗಿಲ್ಲ. ಗುರ್ತು ಇತ್ತೇನು?"

"ಇರಲಿಲ್ಲ."

ಇಷ್ಟೇ. ಒಂದೇ ಮಾತು. ಇತ್ತು, ನಾನೇ ಒರೆಸಿದೆ ಎಂದಿದ್ದರೆ— ಗಂಗಮ್ಮ ಬಾಗಿಲಲ್ಲಿ ನಿಂತಿದ್ದಳು. ಸುಣ್ಣ ಹತ್ತಿದ ಆ ಬಟ್ಟೆಯನ್ನು ಒಗೆದವಳು ಅವಳೇ. ನನ್ನ ಮುಖ ನೋಡಿ ಒಳಗೆ ಹೋದಳು.

"ಕೆಡಿಸಿದ್ದಕ್ಕಲ್ಲೋ, ಸುಳ್ಳಾಡಿದ್ದಕ್ಕ ನನಗ ಸಿಟ್ಟು," ಎಂದ ಶರಣಪ್ಪ. "ಸಿರುಗುಪ್ಪದ ಮಾತು ಬಿಡು. ನಾಳಿಂದ ಅಂಗಡಿಗೂ ಬರಬ್ಯಾಡ."

ನೀನು ಕೈಚೀಲ ಬಿಚ್ಚಿದೆ. "ಹೊಸ ಕಾಯಿಲ್ ತಂದೀರಲ್ರೀ. ಇದೊಂದು ಹಾಕಿ ಹೋಗ್ತೀನಿ," ಎಂದೆ.

ಶರಣಪ್ಪ ಹೋದ ಮೇಲೆ ನಾವಿಬ್ಬರೇ. ಒಂದು ಗಂಟೆಯ ಹೊತ್ತು— ಬೆಸುಗೆಯ ಹೊಗೆ, ನಿನ್ನ ಬಾಗಿದ ಬೆನ್ನು. ನಾನು ಮೂರು ಸಲ ಗಂಟಲು ಸರಿಮಾಡಿಕೊಂಡೆ. ಮೈದಾನದ ಆ ತುದಿಗೆ ಕೇಳುವಂತೆ ಕೂಗುತ್ತಿದ್ದ ಗಂಟಲು ಅದು. ಚಿತ್ರ ನಿಂತಿತು. ನೀನು ಡಬ್ಬಿ ತೆಗೆದು ಮತ್ತೆ ಎರಡು ಚುಕ್ಕೆ ಇಟ್ಟೆ. ಮುಖ ತಿರುಗಿಸದೆಯೇ ಹೇಳಿದೆ:

"ಇದನ್ನರ ಒರಸಬ್ಯಾಡ್ರಿ, ಮಾಸ್ತರ್."

ನಿನಗೆ ಗೊತ್ತಿತ್ತು. ಗೊತ್ತಿದ್ದೂ ಶರಣಪ್ಪನೆದುರು ಬಾಯಿ ಬಿಡಲಿಲ್ಲ. ಯಾಕೆ— ನನಗೆ ಇಂದಿಗೂ ತಿಳಿದಿಲ್ಲ.

ಆಮೇಲೆ ಎರಡು ಸಲ ನಾನು ನಿನ್ನನ್ನು ಹುಡುಕಿ ಸಿರುಗುಪ್ಪದವರೆಗೆ ಬಂದೆ. ಕರೂರಿನ ಬಸ್ಸು ಎದುರಿಗೇ ನಿಂತಿತ್ತು, ಕಂಡಕ್ಟರ್ ಕರೆಯುತ್ತಲೇ ಇದ್ದ, ಹತ್ತಲಾಗಲಿಲ್ಲ. ವರ್ಷಗಳ ಮೇಲೆ, ನೀನು ಕುರುಗೋಡಿನಲ್ಲಿ ರೇಡಿಯೋ ರಿಪೇರಿ ಇಟ್ಟಿರುವೆ ಎಂದು ಕೇಳಿ ಹೋದೆ. ಅಂಗಡಿ ಮುಚ್ಚಿ ಬಹಳ ದಿನವಾಗಿತ್ತು. ನೀನು ಎಲ್ಲಿಗೆ ಹೋದೆಯೆಂದು ಪಕ್ಕದವರಿಗೂ ಗೊತ್ತಿರಲಿಲ್ಲ. ನಿನ್ನ ತಾಯಿಯ ವಿಷಯ— ಕೇಳಲು ಧೈರ್ಯವಾಗಲಿಲ್ಲ. ಶರಣಪ್ಪ ತೀರಿಕೊಂಡಿದ್ದಾನೆ. ನಾನು ನಿಜ ಹೇಳಬೇಕಾಗಿದ್ದ ಇಬ್ಬರಲ್ಲಿ ಒಬ್ಬ ಇಲ್ಲ, ಇನ್ನೊಬ್ಬ ಎಲ್ಲಿದ್ದಾನೋ.

ಆ ಭಾನುವಾರ, ಚುಕ್ಕೆ ಇಟ್ಟ ಮೇಲೆ, ಬಸ್ಸಿಗೆ ಹೊತ್ತಾಯಿತೆಂದು ನೀನು ಮುಚ್ಚಳವನ್ನು ನನ್ನ ಕೈಗಿತ್ತು ಎದ್ದೆ. ಊಟ ಮಾಡಿ ಹೋಗು ಎಂದಳು ಗಂಗಮ್ಮ. "ಬ್ಯಾಡ್ರೆವ್ವಾ," ಎಂದು ನೀನು ಚಪ್ಪಲಿ ಮೆಟ್ಟಿದೆ. ಗೇಟು ಹಾಕಿದ ಸದ್ದಾಯಿತು. ನಾನು ಮುಚ್ಚಳ ಕೂರಿಸಿ, ಆರು ಸ್ಕ್ರೂಗಳನ್ನು ಒಂದೊಂದಾಗಿ ಬಿಗಿದು, ಟಿ.ವಿ.ಯನ್ನು ಗೋಡೆಗೆ ಸರಿಸಿದೆ.