ಉದ್ದವ್ವನ ಗಲ್ಲ

ಹೆಸರು ಉದ್ದವ್ವ, ಆಳು ಮಾತ್ರ ಗಿಡ್ಡ. ಹುಕ್ಕೇರಿ ದವಾಖಾನೆಯ ಬಾಗಿಲ ಚಿಲಕ ತೆಗೆಯಲೂ ಅವಳು ತುದಿಗಾಲಲ್ಲಿ ನಿಲ್ಲಬೇಕಿತ್ತು. ಹೆಸರಿಟ್ಟ ಹಿರಿಯರು ಕೂಸು ಬೆಳೆಯುವ ತನಕವಾದರೂ ತಡೆಯಬಾರದಿತ್ತೇ ಎಂದು ಊರವರು ಕಾಡಿದರೆ, ನಕ್ಕು ಕೊಡ ಹೊತ್ತು ನಡೆದುಬಿಡುತ್ತಿದ್ದಳು. ಸಾವಿರದ ಒಂಬೈನೂರ ಮೂವತ್ತರ ಆಸುಪಾಸಿನ ಮಾತು. ದವಾಖಾನೆಗೆ ನೀರು ಹೊರುವುದು ಅವಳ ಕೆಲಸ.

ಹೊತ್ತ ನೀರಿನಲ್ಲಿ ಅರ್ಧಕ್ಕರ್ಧ ಹಿಂದಿನ ಕತ್ತಲೆ ಕೋಣೆಯ ಒಂದು ಗಡಿಗೆಗೇ ಬೇಕಾಗುತ್ತಿತ್ತು. ದೊಡ್ಡ ಗಡಿಗೆಯಲ್ಲಿ ಹಸಿ ಮರಳು, ಮರಳಿನೊಳಗೆ ಸಣ್ಣ ಗಡಿಗೆ, ಅದರೊಳಗೆ ತಗಡಿನ ಡಬ್ಬಿ, ಡಬ್ಬಿಯಲ್ಲಿ ಬೆಳಗಾವಿಯಿಂದ ಟಪಾಲಿನಲ್ಲಿ ಬಂದ ಗಾಜಿನ ನಳಿಗೆಗಳು. ನಳಿಗೆಯಲ್ಲಿದ್ದದ್ದು ಸಿಡುಬಿನ ಲಸಿಕೆ. ಹಾಗೆಂದರೆ ಆ ಸೀಮೆಯಲ್ಲಿ ಯಾರಿಗೂ ತಿಳಿಯದು. ಸಿಡುಬೂ ದೇವಿ, ಅದನ್ನು ತಡೆಯುವ ಔಷಧವೂ ದೇವಿ. ಊರೂರು ತಿರುಗಿ ಮಕ್ಕಳ ತೋಳಿಗೆ ಅದನ್ನು ಹಾಕುವ ಜಿನಪ್ಪ ‘ದೇವಿ ಡಾಕ್ಟರ’.

ಕಾವು ತಗುಲಿದರೆ ಔಷಧ ಕೆಟ್ಟಿತು ಎಂದು ಜಿನಪ್ಪ ಮೊದಲ ದಿನವೇ ಹೇಳಿದ್ದ. ಉದ್ದವ್ವನಿಗೆ ಅದು ಹೊಸದಾಗಿ ಕಲಿಯುವ ಪಾಠವೇನಲ್ಲ. ದೇವಿ ಹೊಕ್ಕ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ಮೊಸರನ್ನ ಇಡುತ್ತಾರೆ, ಬೇವಿನ ಸೊಪ್ಪು ಬೀಸುತ್ತಾರೆ. ದಿನಕ್ಕೆ ಮೂರು ಸಲ ಮರಳಿಗೆ ನೀರೆರೆದು, ಸಣ್ಣ ಗಡಿಗೆಗೆ ಗಲ್ಲ ತಾಗಿಸಿ ನೋಡುವಳು. ಗಲ್ಲಕ್ಕೆ ತಣ್ಣಗೆ ಹತ್ತಿದರೆ ದೇವಿ ಮಲಗಿದ್ದಾಳೆಂದು ಲೆಕ್ಕ.

ಬೇಸಿಗೆಯಲ್ಲಿ ಆ ಗಲ್ಲ ಗಡಿಗೆ ಬಿಟ್ಟು ಬೇಗ ಏಳುತ್ತಿರಲಿಲ್ಲ. ಅವಳ ತವರು ಗೋಕಾಕ ಫಾಲ್ಸ್. ಹಸಿಮಣ್ಣಿನ ವಾಸನೆಗೆ ಕಣ್ಣು ಮುಚ್ಚಿದರೆ ಸಾಕು, ಅಪ್ಪನ ಬುತ್ತಿ ಹಿಡಿದು ಗಿರಣಿಯ ಹಾದಿಯಲ್ಲಿ ನಡೆದಿರುತ್ತಿದ್ದಳು. ಬಂಡೆಯಿಂದ ಧುಮ್ಮಿಕ್ಕುವ ದಬದಬೆಯ ತುಂತುರು ಹಾರಿ ಬಂದು ಮೋರೆಗೆ ಕೂಡುತ್ತಿತ್ತು, ಅವ್ವನ ಸೆರಗು ತೋಯ್ದಿರುತ್ತಿತ್ತು. ಹೊರಗೆ ಯಾರಾದರೂ ಕೂಗಿದರೆ ಎಲ್ಲಿದ್ದೇನೆಂದು ತಿಳಿಯಲು ಅವಳಿಗೆ ತುಸು ಹೊತ್ತು ಹಿಡಿಯುತ್ತಿತ್ತು.

ಆ ಸಲ ಬೆಲ್ಲದ ಬಾಗೇವಾಡಿಯಲ್ಲಿ ದೇವಿ ಹಾಕುವುದಿತ್ತು. ಉದ್ದವ್ವನ ಮಗಳು ಶಿವವ್ವನನ್ನು ಕೊಟ್ಟ ಊರು. ವರ್ಷದ ಮೊಮ್ಮಗಳು ಕಾಶೆವ್ವನೂ ಹಾಕಿಸಿಕೊಳ್ಳುವವಳು. ಡಬ್ಬಿಗೆ ಒದ್ದೆ ಬಟ್ಟೆ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಂಡಿಯಲ್ಲಿ ಹೋದಳು. ಜಿನಪ್ಪ ಸೈಕಲ್ಲಿನಲ್ಲಿ ಬಂದು, ಮೊದಲು ಊಟವಾಗಲಿ ಎಂದು ತನ್ನ ನೆಂಟರ ಮನೆಗೆ ನಡೆದ. ಉದ್ದವ್ವ ಡಬ್ಬಿ ಹಿಡಿದು ಮಗಳ ಮನೆಗೆ ಹೋದಳು.

ಬೀಗತಿ ಬಾಳವ್ವ ದೊಡ್ಡ ಮನಸ್ಸಿನ ಹೆಣ್ಣುಮಗಳು. ಬಂದ ದೇವಿಯನ್ನು ಬರಿ ನೆಲಕ್ಕೆ ಇಡುವುದುಂಟೇ? ಮಣೆ ಹಾಕಿ ಡಬ್ಬಿ ಇಟ್ಟಳು. ಒದ್ದೆ ಬಟ್ಟೆ ಬಿಚ್ಚಿ ಖಣ ಹೊದಿಸಿದಳು. ಸುತ್ತ ಐದು ದೀಪ, ಕರ್ಪೂರ, ಲೋಬಾನದ ಹೊಗೆ. ಬೇಡ ಎನ್ನಬೇಕಾದವಳು ಉದ್ದವ್ವ. ಅವಳೋ, ಕರೆಯದೆ ಬಂದ ದೇವಿಗೆ ತಂಪು ಸರಿ, ಕರೆಸಿಕೊಂಡ ದೇವಿಗೆ ಆರತಿ ಬೇಡವೇ ಎಂದುಕೊಂಡಳು. ಇಷ್ಟು ವರ್ಷ ಕತ್ತಲೆ ಮೂಲೆಯಲ್ಲಿ ತಾನೊಬ್ಬಳೇ ನೀರೆರೆದ ದೇವಿಗೆ ಮಣೆ ಸಿಕ್ಕಿತೆಂದು ಅವಳಿಗೆ ಖರೆ ಸಂತೋಷವಾಗಿತ್ತು. ಹೊಗೆಯಲ್ಲಿ ದೀಪಗಳು ತೇಲಿದವು, ದಬದಬೆಯ ಮೇಲೆ ಬಿಸಿಲು ಆಡಿದಂತೆ ಕಂಡವು, ಕಣ್ಣೆವೆ ಭಾರವಾಯಿತು.

ಜಿನಪ್ಪ ಕರೆದಾಗ ತಾಸು ಮೀರಿತ್ತು. ರೂಢಿಯಂತೆ ಡಬ್ಬಿಯನ್ನು ಗಲ್ಲಕ್ಕೆ ತಾಗಿಸಿದಳು. ಬೆಚ್ಚಗಿತ್ತು. ಬಾಯಿಗೆ ಬಂದ ಮಾತು ಬೀಗತಿಯ ಮುಖ ನೋಡಿ ಒಳಗೆ ಸರಿಯಿತು. ಜಿನಪ್ಪನ ಸಣ್ಣ ಚೂರಿಯಿಂದ ನಾಲ್ವತ್ತು ಮಕ್ಕಳ ತೋಳು ಗೀರಿ ಔಷಧ ಹಚ್ಚಿದ್ದಾಯಿತು.

ಎಂಟನೆಯ ದಿನ ಜಿನಪ್ಪ ನೋಡಲು ಬಂದರೆ ಒಂದು ತೋಳಿನಲ್ಲೂ ಗುಳ್ಳೆ ಎದ್ದಿರಲಿಲ್ಲ. ಗುಳ್ಳೆ ಏಳದಿದ್ದರೆ ಔಷಧ ಹತ್ತಿಲ್ಲವೆಂದೇ ಅರ್ಥ. ಹಿರಣ್ಯಕೇಶಿ ಹೊಳೆಯ ದಂಡೆಯ ಎರಡು ಊರುಗಳಲ್ಲಿ ಸಿಡುಬು ಎದ್ದ ಸುದ್ದಿ ಬೇರೆ ಬಂದಿತ್ತು. ಉದ್ದವ್ವ ಹುಕ್ಕೇರಿಯಿಂದ ಇನ್ನೊಂದು ಡಬ್ಬಿ ತಂದಿದ್ದಳು. ಆದರೆ ಮತ್ತೊಮ್ಮೆ ಹಾಕಲು ಒಬ್ಬ ತಾಯಿಯೂ ಒಪ್ಪಲಿಲ್ಲ. ಬಾಳವ್ವನ ಪೂಜೆಗೆ ದೇವಿ ಒಲಿದು, ಹುಣ್ಣು ಮಾಡದೆ ಹೋಗಿದ್ದಾಳೆ. ಒಲಿದವಳನ್ನು ಮತ್ತೆ ಕೆಣಕಬಾರದು ಎಂದರು. ಜಿನಪ್ಪ ಗಂಟಲು ಹರಿಯುವಂತೆ ಹೇಳಿ ಸೋತು ಕೂತ. ಬಾಳವ್ವನ ಮುಖದಲ್ಲಿ ಹೆಮ್ಮೆ, ಅವಳ ಬಗಲಲ್ಲಿ ನುಣುಪು ತೋಳಿನ ಕಾಶೆವ್ವ.

ಆ ತೋಳನ್ನೇ ನೋಡುತ್ತ ಉದ್ದವ್ವ ಲೆಕ್ಕ ಹಾಕಿದಳು. ಈ ಮಾತು ಆಡಿದರೆ ನೌಕರಿ ಹೋಗಬಹುದು, ಮಗಳ ಬಾಳುವೆ ಕಷ್ಟವಾಗಬಹುದು. ಆಡದಿದ್ದರೆ ಕೂಸು.

“ದೇವಿ ಒಲದಿಲ್ಲರಿ,” ಎಂದಳು. “ಅವತ್ತ ಡಬ್ಬ್ಯಾಗ ಆಕಿ ಇರಲೇ ಇಲ್ಲ. ದೀಪದ ಕಾವಿಗೆ ಎದ್ದು ಹೋಗಿದ್ಲು. ನನ್ನ ಗಲ್ಲಕ್ಕ ಗೊತ್ತಾಗಿತ್ತು, ನಾ ಬಾಯಿ ಬಿಡಲಿಲ್ಲ. ದೀಪ ಹಚ್ಚಿದಾಕಿದು ತಪ್ಪಲ್ಲ, ನೋಡಕೋತ ಕುಂತಾಕಿದು.”

ಶಿವವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಬಾಳವ್ವ ಕೂಸನ್ನು ತಂದು ಜಿನಪ್ಪನ ಮುಂದೆ ಕೂರಿಸಿ, ಹಾಕಿರಿ ಎಂದಳು. ಅವಳ ಹಿಂದೆ ಉಳಿದವರೂ ಬಂದರು. ಆದರೆ ಬೀಗತಿಗೆ ಅಂದು ಒಂದು ತಂಬಿಗೆ ನೀರನ್ನೂ ಬಾಳವ್ವ ಕೊಡಲಿಲ್ಲ. ಉದ್ದವ್ವ ಅದನ್ನು ಮರೆಯಲೂ ಇಲ್ಲ, ಅದಕ್ಕಾಗಿ ಬೈಯಲೂ ಇಲ್ಲ.

ಜಿನಪ್ಪನಿಗೆ ಸಿಟ್ಟು ಬಾರದೆ ಇರಲಿಲ್ಲ. ಆದರೂ ಚೂರಿ ಕೆಳಗಿಟ್ಟು ಡಬ್ಬಿಯನ್ನು ಅವಳ ಕಡೆ ಸರಿಸಿದ. “ಮೊದಲ ಗಲ್ಲ ಹಚ್ಚಿ ಹೇಳು. ಇನ್ನ ಮ್ಯಾಲ ನೀ ಹೇಳದ ನಾ ಚೂರಿ ಮುಟ್ಟೂದಿಲ್ಲ.”

ಹಚ್ಚಿದಳು. ತಣ್ಣಗಿತ್ತು.

ಮುಂದಿನ ಎಂಟು ದಿನ ಹುಕ್ಕೇರಿಯ ಗಡಿಗೆಗೆ ನೀರೆರೆಯುವಾಗ ದಬದಬೆ ಬರಲಿಲ್ಲ. ಕಣ್ಣು ಮುಚ್ಚಿದರೆ ಒಂದು ಪುಟ್ಟ ತೋಳೇ ಕಾಣುತ್ತಿತ್ತು. ಒಂಬತ್ತನೆಯ ದಿನ ಬಾಗೇವಾಡಿಗೆ ಬಂಡಿ ಸಿಗದೆ ನಡೆದೇ ಹೋದಳು. ಶಿವವ್ವ ಹೊಸ್ತಿಲಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಕಾಶೆವ್ವ ಜ್ವರದಲ್ಲಿ ಕಿರಿಕಿರಿ ಮಾಡುತ್ತಿದ್ದಳು. ತೋಳಿನಲ್ಲಿ, ಗೀರಿದ ಜಾಗದಲ್ಲೇ, ತೊಗರಿಕಾಳಿನಂಥ ಗುಳ್ಳೆ, ಸುತ್ತಲೂ ಕೆಂಪು.

ಉದ್ದವ್ವ ಬಗ್ಗಿ, ಗುಳ್ಳೆಗೆ ತಗುಲದಂತೆ ಆ ತೋಳಿಗೆ ಗಲ್ಲ ತಾಗಿಸಿದಳು. ಬೆಚ್ಚಗಿತ್ತು. ಬಹಳ ಹೊತ್ತು ಗಲ್ಲ ತೆಗೆಯಲಿಲ್ಲ.